ನಾವೆಂತ ಗಾಳಿಯಾ?

ಅಬ್ಬುಕಾಕರ ಬಳಿ ದಾರಿ ಕೇಳಿದವರು ಕೆಟ್ಟರು. ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ ಈಗ ಇಲ್ಲದ ಅಂಗಡಿಗಳನ್ನೇ ಗುರುತು ಹೇಳಿ ಕಳಿಸುತ್ತಿದ್ದರು. “ಕ್ಯಾಸೆಟ್ ಅಂಗಡಿ ಹತ್ರ ಎಡಕ್ಕೆ ತಿರುಗಿ, ಪಾಕಿಸ್ತಾನಿ ಟೈಲರ್ ಸಿಗ್ತಾನೆ, ಅಲ್ಲಿಂದ ಸೀದಾ.” ಕ್ಯಾಸೆಟ್ ಅಂಗಡಿಯ ಜಾಗದಲ್ಲಿ ಬಹುಮಹಡಿ ಕಟ್ಟಡ ಎದ್ದಿತ್ತು, ಟೈಲರ್ ಯಾವತ್ತೋ ಅವನ ಊರಿಗೆ ಹೋಗಿದ್ದ. ನಾನು ನಕ್ಕರೆ ಅವರಿಗೆ ಸಿಟ್ಟು. “ನಿಮ್ಮ ಮೊಬೈಲಿಗೆ ನಿನ್ನೆ ಹುಟ್ಟಿದ್ದು ಮಾತ್ರ ಗೊತ್ತು ಮಾರಾಯ್ರೆ!”

ಬಂಟ್ವಾಳ ಕಡೆಯ ಈ ಬ್ಯಾರಿ, ಮೀಸೆ ಚಿಗುರುವಾಗ ದೋಹಾಕ್ಕೆ ಬಂದು ಆ ಬಡಾವಣೆಯ ಓಣಿಯೊಂದರಲ್ಲಿ ದಿನಸಿ ಅಂಗಡಿ ಇಟ್ಟವರು. ಮೈಸೂರಿನಿಂದ ಆಫೀಸು ಕೆಲಸಕ್ಕೆ ಬಂದ ನನಗೆ ಆ ಓಣಿಯ ಚರಿತ್ರೆ ತಿಳಿದದ್ದು ಅವರ ಅಂಗಡಿಯಲ್ಲಿ ನಿಂತು. ಮೊದಲಿಗೆ ಅಲ್ಲಿದ್ದದ್ದು ಕೆಲಸಗಾರರ ಕೋಣೆಗಳು. ಅವರಿಗೆಂದೇ ಕಾಕ ಕುಚ್ಚಲಕ್ಕಿ, ಒಣಮೀನು ತರಿಸಿದರು. ಅಕ್ಕಿಗೆ ಬಂದವರ ತಲೆ ನೋಡಿ ಒಬ್ಬ ಕ್ಷೌರದಂಗಡಿ ಹಾಕಿದ. ಮನೆಗೆ ಫೋಟೋ ಕಳಿಸಬೇಕಲ್ಲ ಎಂದು ಇನ್ನೊಬ್ಬ ಸ್ಟುಡಿಯೋ ತೆರೆದ. ಆಮೇಲೆ ಸಂಸಾರಗಳು ಬಂದವು, ಹಿಂದೆಯೇ ಶಾಲೆ ಬಸ್ಸು, ಅದರ ಹಿಂದೆ ಬಾಡಿಗೆ ಏರಿಕೆ.

ಒಮ್ಮೆ ನಮ್ಮವರ ರಾಜ್ಯೋತ್ಸವದಲ್ಲಿ ದೊಡ್ಡ ಹುದ್ದೆಯವರೊಬ್ಬರು ಮೈಕಿನ ಮುಂದೆ, “ನಾವೆಲ್ಲ ಬರೋ ಮುಂಚೆ ಇಲ್ಲಿ ಏನೂ ಇರ್ಲಿಲ್ಲ, ಬರೀ ಮರಳು” ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಅಬ್ಬುಕಾಕ ಎದ್ದರು: “ಎಂತ ಇರ್ಲಿಲ್ಲ? ನಾವು ಇದ್ದೆವಲ್ಲ! ನಾವೆಂತ ಗಾಳಿಯಾ?” ಸ್ವಯಂಸೇವಕನೊಬ್ಬ ಅವರ ತೋಳು ಹಿಡಿದು, “ಬನ್ನಿ ಕಾಕಾ, ಊಟ ರೆಡಿ ಇದೆ” ಎಂದು ಹೊರಗೆ ನಡೆಸಿದ. ಹಸಿವಾಗಿ ಕೂಗಿದರು ಅಂದುಕೊಂಡನೇ ಪುಣ್ಯಾತ್ಮ! ಈಗ ನೆನೆದರೂ ನನ್ನ ಮೈ ಉರಿಯುತ್ತದೆ. ಅವರು ಊಟ ಮಾಡದೆ ಹೋದರು.

ಅಂಗಡಿಯ ಕಟ್ಟಡ ಒಡೆಯುವ ನೋಟೀಸು ಬಂದಾಗ ಕಾಕ ರೇಗಲೂ ಇಲ್ಲ. “ಖಲಾಸ್, ಒಡೀಲಿ. ಇತ್ತು ಅಂತ ಹೇಳ್ಲಿಕ್ಕೆ ನೀವೊಬ್ರು ಇದ್ದೀರಲ್ಲ” ಎಂದರು. ಊರು ಸೇರಿದ ಕಾಕ ವರ್ಷ ತುಂಬುವ ಮೊದಲೇ ತೀರಿಕೊಂಡರು.

ಅವರ ಅಂಗಡಿ ಇದ್ದಲ್ಲಿ ಈಗ ಒಂದು ಕೆಫೆ ಬಂದಿದೆ. ಹೊಚ್ಚಹೊಸ ಗೋಡೆಗೆ ಬೇಕೆಂದೇ ಬಿರುಕು ಬಿಡಿಸಿ, ಹಳೇ ಓಣಿಯ ವೇಷ ಹಾಕಿಸಿದ್ದಾರೆ. ಮೊನ್ನೆ ಹೋಗಿ ಕೂತಿದ್ದೆ. ನಾನು ಫೋನಿನಲ್ಲಿ ಆಡಿದ ಕನ್ನಡ ಕೇಳಿ ಬೆಂಗಳೂರಿನ ಮ್ಯಾನೇಜರ್ ಖುಷಿಯಿಂದ ಹತ್ತಿರ ಬಂದ.

“ಹೆಂಗಿದೆ ಸಾರ್ ಲುಕ್ಕು? ನಾವು ಬರೋ ಮುಂಚೆ ಈ ಜಾಗದಲ್ಲಿ ಏನೂ ಇರ್ಲಿಲ್ಲ.”

ಮೈಸೂರಿನವನ ಬಾಯಿಂದ ಮಂಗಳೂರು ಕನ್ನಡ ಹೊರಬಿತ್ತು. ಕೂಗಿಯೇಬಿಟ್ಟೆ: “ನಾವೆಂತ ಗಾಳಿಯಾ?”

ಅವನು ಗಾಬರಿಯಿಂದ ತಲೆಯೆತ್ತಿ ಸೂರು ನೋಡಿದ.

“ಸಾರಿ ಸಾರ್, ಎಸಿ ಕಮ್ಮಿ ಮಾಡಿಸ್ತೀನಿ.”