ಮೇಷ್ಟ್ರು ನೋಡಿದ ಇಂಗ್ಲಿಷ್ ವಿಲನ್

ಮೊನ್ನೆ ಶೋಕೇಸಿನ ಹಿಂದೆ ಕೈ ಹಾಕಿದಾಗ ಆ ಸಿನಿಮಾದ ಸಿ.ಡಿ. ಸಿಕ್ಕಿತು. ಕವರಿನ ಮೇಲೆ ಎಣ್ಣೆಯ ಹೆಬ್ಬೆರಳ ಗುರುತು. ಮೂಗಿಗೆ ಹಿಡಿದರೆ ಈಗಲೂ ಕೊಬ್ಬರಿ ಎಣ್ಣೆಯ ವಾಸನೆ... ಎದುರು ಮನೆಯ ಡ್ರಾಮಾ ಮೇಷ್ಟ್ರು ಮುಖದ ಬಣ್ಣ ತೆಗೆಯುತ್ತಿದ್ದದ್ದು ಅದರಲ್ಲೇ.

ಬಹಳ ಹಿಂದಿನ ಮಾತು. ಅಂದರೆ ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಈಗ ಸೆಕೆಂಡ್ ಪಿಯುಸಿ. ಮೀಸೆ ಬಂದಿದೆ, ಒಪ್ಪದವರು ಹತ್ತಿರ ಬಂದು ನೋಡಬಹುದು.

ಹಳ್ಳಿಮೈಸೂರಿನಲ್ಲಿ ಪೌರಾಣಿಕ ನಾಟಕ ಎಂದರೆ ಖಳರಾಜನ ಪಾತ್ರ ಮೇಷ್ಟ್ರದ್ದೇ. ಹಗಲು ರಾಗಿ ಹೊಲ, ಸಂಜೆ ಹಾರ್ಮೋನಿಯಂ ಮುಂದೆ ಕೂತು ಊರವರಿಗೆ ಪಾತ್ರ ಕಲಿಸುವುದು. ಕೊನೆಯಲ್ಲಿ ಗದೆಯ ಏಟು ತಿಂದು ಅವರು ಅಬ್ಬರಿಸಿ ಸತ್ತರೆ ಅರಕಲಗೂಡಿನಲ್ಲಿ ತೊಟ್ಟಿಲ ಕೂಸು ಎದ್ದು ಅಳುತ್ತಿತ್ತು. ಸರಿ, ಪಕ್ಕದ ಬೀದಿಯ ಕೂಸು ಅನ್ನಿ. ಜನ ‘ಒನ್ಸ್ ಮೋರ್’ ಎಂದು ಕೂಗುವರು. ಸತ್ತ ರಾಜ ಎದ್ದು ಕಿರೀಟ ಸರಿಮಾಡಿಕೊಂಡು, ಮತ್ತೆ ಏಟು ತಿಂದು, ಮತ್ತೆ ಸಾಯುವನು. ನಮ್ಮ ಕಡೆ ಪಾತ್ರಧಾರಿಗೆ ಅದೇ ಪದಕ. ಒಂದು ವರ್ಷ ಮೇಷ್ಟ್ರು ನಾಲ್ಕು ಸಲ ಸತ್ತು, ಹೊಡೆದವನ ತೋಳು ಉಳುಕಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ಅವರ ಗಂಟಲು ಕೆಟ್ಟಿತು. ಇನ್ನು ಕೂಗಲೇಬಾರದು ಎಂದರು ಹಾಸನದ ಡಾಕ್ಟರು. ನಾಟಕದ ಕಮಿಟಿಯವರು ಪಾತ್ರವನ್ನು ಶಿಷ್ಯನೊಬ್ಬನಿಗೆ ಕೊಡಲು ಹೊರಟರು.

“ಇದೊಂದು ಸಲ ಬಿಡ್ರಪ್ಪಾ, ಕೂಗ್ದಂಗೆ ಸಾಯ್ತೀನಿ,” ಎಂದು ಮೇಷ್ಟ್ರು ಗೋಗರೆದು ಒಪ್ಪಿಸಿದರು. ಕೂಗದೆ ಸಾಯುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ.

ಅದೇ ವಾರ ನಾನು ಹೊಳೆನರಸೀಪುರದಿಂದ ಈ ಸಿ.ಡಿ. ತಂದಿದ್ದೆ. ಹಾರಾಡುವ ಹೀರೋನ ಸಿನಿಮಾದ ಎರಡನೇ ಭಾಗ, ಪೂರ್ತಿ ಇಂಗ್ಲಿಷ್. ನಮ್ಮ ಬೀದಿಗೆ ನಾನೇ ಇಂಗ್ಲಿಷ್ ಪಂಡಿತ. ಟಿ.ವಿ. ಪಕ್ಕ ನಿಂತು ಡೈಲಾಗನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದೆ. ಹತ್ತು ಮಾತಲ್ಲಿ ಒಂದು ಅರ್ಥವಾಗುತ್ತಿತ್ತು, ಮಿಕ್ಕ ಒಂಬತ್ತು ನನ್ನ ಸ್ವಂತ ರಚನೆ.

ಬಣ್ಣ ಹಚ್ಚಿ ನೋಡಿ, ತೆಗೆದು, ಎಣ್ಣೆ ಕೈಯಲ್ಲೇ ಮೇಷ್ಟ್ರು ನಮ್ಮ ಮನೆಗೆ ಬಂದರು. ಕವರ್ ಎತ್ತಿ, “ಇದ್ರಲ್ಲಿ ವಿಲನ್ ಯಾರ್ಲಾ?” ಎಂದರು.

ಸಿನಿಮಾ ಹಾಕಿದೆ. ಹೀರೋ ಬಂದ. “ಇವ್ನೇನ್ಲಾ, ಅಲ್ಲುನೋವಿಗೂ ಪಿರೂತಿಗೂ ಒಂದೇ ಮೂತಿ ಮಡಗವ್ನೆ!” ಹೀರೋಯಿನ್ ಮೂರು ಸಲ ಕಿರುಚಿದಳು. “ಪಾಪ, ಗಂಟ್ಲು ಚೆನ್ನಾಗದೆ,” ಎಂದರು. ಆಮೇಲೆ ವಿಲನ್ ಬಂದ. ಮೊದಲ ಭಾಗದಲ್ಲಿ ಹೀರೋಗೆ ವಿದ್ಯೆ ಕಲಿಸಿದ ಗುರು. ಈಗ ಸಮುದ್ರವನ್ನೇ ಎತ್ತಿ ಊರ ಮೇಲೆ ಸುರಿಯಲು ನಿಂತವನು. ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. “ನೋಡ್ಲಾ, ಸುಮ್ನೆ ನಿಂತವ್ನೆ. ನಿಲ್ಲೋದ್ರಲ್ಲೇ ರಾಜ ಕಣ್ಲಾ ಅವ್ನು.”

ಕೊನೆಗೆ ವಿಲನ್ ಮುರಿದ ಗೋಪುರದಡಿ ಬಿದ್ದ. ಹೀರೋ ಬಗ್ಗಿದ. ವಿಲನ್ ಏನೋ ಮೆಲ್ಲಗೆ ಹೇಳಿ ಸತ್ತ.

“ಏನಂದ್ಲಾ?”

ನನಗೆ ಒಂದಕ್ಷರ ಗೊತ್ತಾಗಿರಲಿಲ್ಲ. ಒಪ್ಪಿಕೊಳ್ಳುವ ಜಾತಿಯೇ ನಾನು? ಎರಡೂ ಕೈ ಎತ್ತಿ, “ಮತ್ತೆ ಹುಟ್ಟಿ ಬಂದು ನಿನ್ನ ವಂಶಾನೇ ಮುಳುಗಿಸ್ತೀನಿ ಅಂದ, ಮೇಷ್ಟ್ರೇ!” ಎಂದು ಅಬ್ಬರಿಸಿದೆ.

“ಅಂಗಂದಿರಾಕಿಲ್ಲ. ಕಣ್ಣು ನೋಡ್ಲಾ ಅವುಂದು. ಶಾಪ ಹಾಕೋನ ಕಣ್ಣಾ ಅದು? ಮನೆ ಮಗನ್ನ ಏನೋ ವಿಚಾರಿಸ್ತಾವ್ನೆ.”

“ಇಂಗ್ಲಿಷ್ ನಿಮಗೆ ಬರುತ್ತಾ, ನನಗಾ?”

ಅವರು ನಕ್ಕರು. ಸೌಂಡ್ ಆಫ್ ಮಾಡಿಸಿ, ಆ ದೃಶ್ಯವನ್ನೇ ಮೂರು ಸಲ ಹಾಕಿಸಿಕೊಂಡು ನೋಡಿದರು. ನನ್ನ ಪಾಂಡಿತ್ಯಕ್ಕೆ ಅಷ್ಟು ದೊಡ್ಡ ಅವಮಾನ ಅದುವರೆಗೆ ಆಗಿರಲಿಲ್ಲ.

ನಾಟಕದ ದಿನ ಗದೆಯ ಏಟು ಬಿತ್ತು. ಮೇಷ್ಟ್ರು ಅಬ್ಬರಿಸಲಿಲ್ಲ. ಮೆಲ್ಲಗೆ ಕೂತರು, ಒರಗಿದರು, ಹೊಡೆದವನ ಕಡೆ ನೋಡಿದರು. “ಸುಸ್ತಾಯ್ತೇನೋ, ತಮ್ಮಾ?” ಎಂದರು. ಯಾವ ಪುಸ್ತಕದಲ್ಲೂ ಇಲ್ಲದ ಮಾತು. ಗದೆ ಹಿಡಿದಿದ್ದವನು ತನ್ನ ಮಾತೇ ಮರೆತು, ಅವರ ಪಕ್ಕದಲ್ಲೇ ಕುಸಿದು ಕೂತ. ಜನ ಉಸಿರೆತ್ತಲಿಲ್ಲ. ಪರದೆ ಬಿತ್ತು...

ಆಮೇಲೆ ಬಣ್ಣ ಒರೆಸಿಕೊಳ್ಳುತ್ತ ಅವರು ನನ್ನನ್ನೇ ಕೇಳಿದರು. “ಒನ್ಸ್ ಮೋರ್ ಬರ್ನಿಲ್ಲ, ಅಲ್ವೇನ್ಲಾ?”

“ಇಲ್ಲ ಮೇಷ್ಟ್ರೇ. ನಾನು ಹೇಳ್ದಂಗೆ ಕೂಗಿದ್ರೆ ಬರ್ತಿತ್ತು.”

“ಊಂ, ನಾನೇ ಕೆಡಿಸ್ಬುಟ್ಟೆ,” ಎಂದರು. ಮುಂದಿನ ವರ್ಷ ಪಾತ್ರವನ್ನು ತಾವಾಗಿಯೇ ಶಿಷ್ಯನಿಗೆ ಬಿಟ್ಟುಕೊಟ್ಟರು.

ಮೊನ್ನೆ ಸಿ.ಡಿ. ಹಾಕಿದೆ. ಹೀರೋನ ಹಲ್ಲುನೋವು ಇನ್ನೂ ವಾಸಿಯಾಗಿಲ್ಲ. ವಿಲನ್ ಮಾತ್ರ, ಮೇಷ್ಟ್ರು ಹೇಳಿದಂತೆ, ಸುಮ್ಮನೆ ನಿಂತೇ ಇಡೀ ಸಿನಿಮಾವನ್ನು ಹೊತ್ತಿದ್ದಾನೆ. ಕೊನೆಯ ಮಾತನ್ನು ಆರು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ತನ್ನನ್ನು ಬೀಳಿಸಿದ ಶಿಷ್ಯನ ಅಂಗೈ ನೋಡಿ ಅವನು ಹೇಳುತ್ತಾನೆ: ನಿನ್ನ ಕೈಗೆ ಗಾಯವಾಗಿದೆ.

ಅಷ್ಟೇ.

ಎದುರು ಮನೆಗೆ ಓಡಬೇಕೆನ್ನಿಸಿ ಬಾಗಿಲವರೆಗೂ ಹೋದೆ. ಮೇಷ್ಟ್ರು ಹೋಗಿ ಒಂದೂವರೆ ವರ್ಷವಾಯಿತು... ಕೊನೆಯ ಪಾತ್ರವನ್ನು ಕೆಡಿಸಿದೆ ಎಂದುಕೊಂಡೇ ಹೋದರು. ಹಾಗೆ ಅಂದುಕೊಳ್ಳುವಂತೆ ಮಾಡಿದವನು ನಾನು.

ನಾನು ಅವತ್ತು ನಾಟಕಕ್ಕೆ ಮುಂದಿನ ಸಾಲಿನಲ್ಲೇ ಕೂತಿದ್ದೆ. ಎದ್ದು ಇನ್ನೊಮ್ಮೆ ಸಾಯಿ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ನನಗೂ ಬರಲಿಲ್ಲ. ಅವರು ಸತ್ತೇಹೋದರೆಂದು ಊರಿಗೆ ಊರೇ ನಂಬಿಬಿಟ್ಟಿತ್ತು. ಅಷ್ಟನ್ನು ಅವರಿಗೆ ಅವತ್ತೇ ಹೇಳಬಹುದಿತ್ತು. ಅದಕ್ಕೆ ಇಂಗ್ಲಿಷೂ ಬೇಕಿರಲಿಲ್ಲ.