ಫೋಟೊಗೆಂದು ಮುಚ್ಚಿದ ಕಣ್ಣು

"ಕಣ್ಣು ಮುಚ್ರಿ ಅಕ್ಕಾ, ಬೇಡ್ಕಳೋ ಹಂಗೆ ಮಾಡಿದ್ರೆ ಸಾಕು" ಎಂದು ಪತ್ರಿಕೆಯ ಫೋಟೊಗ್ರಾಫರ್ ನನ್ನ ಕೈಗೆ ಉರಿಯುವ ಮೇಣದಬತ್ತಿ ಕೊಟ್ಟರು.

ಕ್ರಿಸ್‌ಮಸ್‌ ಇದ್ದದ್ದು ಮರುದಿನ. ಹಬ್ಬದ ಬೆಳಿಗ್ಗೆ ಪತ್ರಿಕೆಯಲ್ಲಿ ಬರಬೇಕಾದ ಚಿತ್ರ ಹಿಂದಿನ ದಿನವೇ ಹೋಗಬೇಕಂತೆ. ಚನ್ನಗಿರಿಯ ನಮ್ಮ ಚರ್ಚಿನಲ್ಲಿ ಆ ಮಧ್ಯಾಹ್ನ ಇದ್ದವಳು ಕಸ ಗುಡಿಸಲು ಬಂದಿದ್ದ ನಾನೊಬ್ಬಳೇ. ಪೊರಕೆಯನ್ನು ಬೆಂಚಿನ ಹಿಂದೆ ಇಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನಾಚಿಕೆಯಿಂದಲೇ ಕಣ್ಣು ಮುಚ್ಚಿದೆ. ಹೊನ್ನಾಳಿಯಲ್ಲಿರುವ ನನ್ನ ತಂಗಿ ಆಪರೇಷನ್‌ಗೆಂದು ದಾವಣಗೆರೆಯ ಆಸ್ಪತ್ರೆ ಸೇರಿದ್ದಳು. ಎಲ್ಲಿಂದಲೋ ಅವಳ ಹೆಸರು ಬಾಯಿಗೆ ಬಂತು. ಆಮೇಲೆ ಅಳು ತಡೆಯಲು ಆಗಲಿಲ್ಲ.

"ಚೆನ್ನಾಗಿ ಬಂತು, ಸಾಕು ಬಿಡ್ರಿ" ಎಂದು ಅವರು ಬೈಕ್ ಹತ್ತಿ ಹೊರಟರು.

ಮರುದಿನ ಹಬ್ಬದ ಆರಾಧನೆಗೆ ಹೋದರೆ ಪತ್ರಿಕೆ ಎಲ್ಲರ ಕೈಯಲ್ಲೂ ಓಡಾಡುತ್ತಿತ್ತು. ಜನ ಚಿತ್ರ ನೋಡಿ ನನ್ನ ಕಡೆ ತಿರುಗುತ್ತಿದ್ದರು. ನಾನು ಮತ್ತೆ ಮತ್ತೆ ಕಣ್ಣು ಮುಚ್ಚಿದೆ. ತಂಗಿಗಾಗಿ ಒಂದು ಮಾತೂ ಹೊರಡಲಿಲ್ಲ. ನನ್ನ ಮುಖ ಈಗ ಹೇಗೆ ಕಾಣುತ್ತಿದೆಯೋ ಎಂಬ ಯೋಚನೆಯಲ್ಲೇ ಆರಾಧನೆ ಮುಗಿದುಹೋಯಿತು.

ತಂಗಿ ಗುಣವಾಗಿ ಮನೆಗೆ ಬಂದಿದ್ದಾಳೆ. ಆ ಚಿತ್ರ ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟುಕೊಂಡು, "ಹಬ್ಬದ ದಿನ ನೀನು ಅಷ್ಟು ಬೇಡ್ಕಂಡಿದ್ದಕ್ಕೇ ನಾನು ಉಳಿದಿದ್ದು" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಆ ಎರಡು ದಿನಗಳಲ್ಲಿ ನಾನು ನಟಿಸಿದ್ದು ಯಾವ ದಿನ ಎಂಬುದೇ ನನಗಿನ್ನೂ ತಿಳಿದಿಲ್ಲ.