ಒಲೆಯ ಬಾಗಿಲಿಗೆ ಬೆಂಕಿಕಡ್ಡಿ

ಮೊರಾವಾ ನದಿ ದಂಡೆಯ ಆ ಸಣ್ಣ ಊರಿನಲ್ಲಿ ಮನೆ ಬೆಚ್ಚಗಿಡುವ ಕಬ್ಬಿಣದ ಒಲೆ ಕೆಟ್ಟರೆ ಜನ ಸ್ತಾಮೆಂಕಾಳನ್ನು ಕರೆಯುತ್ತಿದ್ದರು. ಮೇಸ್ತ್ರಿ ಎಂದು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಮೇಸ್ತ್ರಿ ಆಗಿದ್ದವನು ಅವಳ ಗಂಡ. ಮೂವತ್ತು ವರ್ಷ ಅವನು ಕೆಲಸ ಮಾಡಿದ, ಅವಳು ಪಕ್ಕದಲ್ಲಿ ಟಾರ್ಚು ಹಿಡಿದಳು. ಕೈ ಸೋತಿತು ಎಂದರೆ, "ಬೆಳಕು ಹಿಡಿಯೋದೂ ಒಂದು ಕೆಲಸವೇನೇ?" ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಅವನ ಪೆಟ್ಟಿಗೆ ತೆರೆದು ತಾನೇ ಒಲೆಗಳ ಮುಂದೆ ಮಂಡಿಯೂರಿದಳು. ಬೆಳಕು ಹಿಡಿದವರಿಗೆ ಎಲ್ಲವೂ ಕಾಣುತ್ತದಲ್ಲ.

ಇದನ್ನು ಒಪ್ಪದವನು ಪಕ್ಕದ ಮನೆಯ ಬಡಗಿ ತಿಹೋಮಿರ್. ಹೆಂಗಸು ಒಲೆ ರಿಪೇರಿ ಮಾಡುವುದೂ ಒಂದೇ, ಹೇಂಟೆ ಕೂಗಿ ಬೆಳಗಾಗುವುದೂ ಒಂದೇ ಎಂದು ಕಾಫಿ ಅಂಗಡಿಯಲ್ಲಿ ನಗಾಡುತ್ತಿದ್ದ. ಅದು ಅವಳ ಕಿವಿಗೂ ಬಿದ್ದಿತ್ತು. ನೋವೂ ಆಗಿತ್ತು, ಸುಳ್ಳೇಕೆ.

ಆ ಡಿಸೆಂಬರಿನಲ್ಲಿ ತಿಹೋಮಿರನ ಒಲೆಯ ಬಾಗಿಲೇ ಜೋತುಬಿತ್ತು. ಬಿಜಾಗರಿಯ ಸ್ಕ್ರೂ ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತಿತ್ತು. ತೂತಿನೊಳಗೆ ಸ್ಕ್ರೂ ಕಚ್ಚಿಕೊಳ್ಳುವ ಥ್ರೆಡ್ಡು ಸವೆದುಹೋಗಿತ್ತು. ಸ್ತಾಮೆಂಕಾಳನ್ನು ಕರೆಸೋಣ ಎಂದಳು ಹೆಂಡತಿ ಯಾಗೋದಾ. ಬಡಗಿಗೇ ತೂತಿನ ಪಾಠವೇ? ನಲವತ್ತು ವರ್ಷ ಮರದ ಬಾಗಿಲುಗಳಿಗೆ ಮಾಡಿದ್ದನ್ನೇ ಇದಕ್ಕೂ ಮಾಡಿದ: ತೂತಿಗೆ ಬೆಂಕಿಕಡ್ಡಿ ತುರುಕಿ, ಅಂಟು ಸುರಿದು, ಸ್ಕ್ರೂ ಬಿಗಿದ. ತಣ್ಣಗಿದ್ದ ಒಲೆಗೆ ಬಾಗಿಲು ಗಟ್ಟಿಯಾಗಿಯೇ ಕೂತಿತು. ಇಟ್ಟದ್ದು ಬೆಂಕಿಕಡ್ಡಿ, ಇಟ್ಟ ಜಾಗ ಬೆಂಕಿಯ ಪಕ್ಕ ಎನ್ನುವುದು ಆ ಮಹಾನುಭಾವನಿಗೆ ಹೊಳೆಯಲಿಲ್ಲ.

ಮರುದಿನ ಅವರ ಮನೆತನದ ಸಂತ ನಿಕೋಲನ ಹಬ್ಬ. ಆ ಊರಲ್ಲಿ ಒಂದೊಂದು ಮನೆತನಕ್ಕೂ ಒಬ್ಬೊಬ್ಬ ಸಂತ, ಅವನದೇ ಒಂದು ದಿನ. ಅವತ್ತು ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ. ಯಜಮಾನ ನಿಂತೇ ಉಪಚರಿಸಬೇಕು, ಕೂರುವಂತಿಲ್ಲ, ಸುತ್ತಿಗೆ ಉಳಿ ಮುಟ್ಟುವಂತೆಯೂ ಇಲ್ಲ. ಇಪ್ಪತ್ತು ಜನ ಮೇಜಿನ ಸುತ್ತ ಕೂತಿದ್ದಾರೆ, ಒಲೆಯ ಮೇಲೆ ಮೀನಿನ ಸಾರು ಅರ್ಧ ಬೆಂದಿದೆ, ಅಡುಗೆಮನೆಯಲ್ಲಿ ಢಣಾರೆಂದು ಸದ್ದಾಯಿತು. ನೆಂಟರ ಜೊತೆ ಕೂತಿದ್ದ ಸ್ತಾಮೆಂಕಾ ಎಲ್ಲರಿಗಿಂತ ಮೊದಲು ಎದ್ದಳು. ಒಲೆಯ ಬಾಗಿಲು ನೆಲದ ಮೇಲಿತ್ತು. ಅವಳು ಬಿದ್ದ ಸ್ಕ್ರೂ ನೋಡಿದಳು, ಅದಕ್ಕೆ ಕರಿ ಹಿಡಿದಿತ್ತು.

"ಬೆಂಕಿಕಡ್ಡಿನಾ, ತಿಹೋಮಿರಣ್ಣ?"

ಅವನ ಕಿವಿ ಕೆಂಪಾಯಿತು. "ಇವತ್ತು ಹಬ್ಬ. ಈ ಮನೇಲಿ ಯಾರೂ ಕೆಲಸ ಮಾಡೋ ಹಾಗಿಲ್ಲ."

"ಹಬ್ಬ ನಿಮ್ಮ ಸಂತನದು. ನಮ್ಮನೆ ಸಂತ ಬರೋಕೆ ಇನ್ನೂ ಒಂದು ತಿಂಗಳಿದೆ. ನೀವು ಟಾರ್ಚು ಹಿಡೀರಿ ಸಾಕು. ಅದೇನು ಕೆಲಸ ಅಲ್ವಲ್ಲ."

ಪೆಟ್ಟಿಗೆ ತರಲು ಅವಳು ಮನೆಗೆ ಹೋಗಬೇಕಾಗಲಿಲ್ಲ. ಬರುವಾಗಲೇ ಕೇಕಿನ ಡಬ್ಬಿಯ ಕೆಳಗೆ ಇಟ್ಟುಕೊಂಡು ಬಂದಿದ್ದಳು. ಬೆಂಕಿಕಡ್ಡಿಯ ಕಥೆಯನ್ನು ಯಾಗೋದಾ ಹಿಂದಿನ ಸಂಜೆಯೇ ಬೇಲಿಯಾಚೆಯಿಂದ ಹೇಳಿದ್ದಳು.

ಕೆಂಡವನ್ನು ಬಕೆಟ್ಟಿಗೆ ತೆಗೆಸಿ, ದಪ್ಪ ಕೈಗವಸು ಹಾಕಿ, ಒಲೆಗೂ ಸೌದೆ ಪೆಟ್ಟಿಗೆಗೂ ನಡುವೆ ಮಲಗಿದಳು. ಹಳೆಯ ತೂತನ್ನು ಕೊರೆದು ಸ್ವಲ್ಪ ದೊಡ್ಡದು ಮಾಡಿದಳು, ಒಳಗೆ ಹೊಸ ಥ್ರೆಡ್ಡು ಹಾಕಿದಳು, ದಪ್ಪನೆಯ ಬೋಲ್ಟು ಆರಿಸಿದಳು. ನಡುನಡುವೆ ಬೆಳಕು ಕೆಳಗೆ, ಇನ್ನೂ ಕೆಳಗೆ ಎಂದಳು. ಕಾಲು ಗಂಟೆಯಲ್ಲಿ ತಿಹೋಮಿರನ ಕೈ ನಡುಗತೊಡಗಿತು. ಅವಳು ಕೊಂಚ ನಿಧಾನವಾಗಿಯೇ ಮಾಡಿದಳು ಎಂದರೆ ತಪ್ಪಿಲ್ಲ.

ಅಷ್ಟರಲ್ಲಿ ನೆಂಟರು ಬಾಗಿಲಲ್ಲಿ ಇಣುಕಿದರು. ಸೌದೆ ಪೆಟ್ಟಿಗೆ ಅಡ್ಡವಾಗಿ ಅಲ್ಲಿಂದ ಕಾಣುತ್ತಿದ್ದವನು ತಿಹೋಮಿರ್ ಒಬ್ಬನೇ. ಒಲೆ ಕೆಲಸವೂ ನಿನಗೆ ಬರುತ್ತದೇನೋ ಎಂದು ಆಗಷ್ಟೇ ಬಂದಿದ್ದ ಹಳೆಯ ಗೆಳೆಯನೊಬ್ಬ ಬೆರಗಿನಿಂದ ಕೇಳಿದ.

ಕೆಳಗೆ ಸ್ತಾಮೆಂಕಾಳ ಕೈ ನಿಂತಿತು. ಹೂಂ ಎಂದುಬಿಟ್ಟರೆ ಅವನ ಮಾನ ಉಳಿಯುತ್ತಿತ್ತು.

"ಇಲ್ಲ ಮಾರಾಯ," ಎಂದ ತಿಹೋಮಿರ್. "ಬೆಳಕು ಹಿಡಿಯೋದೇ ಇಷ್ಟು ಕಷ್ಟ ಅಂತ ಇವತ್ತು ಗೊತ್ತಾಯ್ತು. ಮೇಸ್ತ್ರಿ ಕೆಳಗಿದ್ದಾರೆ."

ಒಲೆಯ ಪಕ್ಕದಲ್ಲಿ ಬೋಲ್ಟು ಮತ್ತೆ ತಿರುಗತೊಡಗಿತು.

"ಕೈ ಅಲುಗಿಸಬೇಡಿ," ಎಂದರು ಮೇಸ್ತ್ರಿ.